ಕಂಚಿಲಗುಡ್ಡೆ ಅಂಗನವಾಡಿಯ ಪುಟ್ಟ ಕುರ್ಚಿಯಿಂದ ಒಂದು ದೂರು

ಇವರಿಗೆ,
ಸಂಯೋಜನಾಧಿಕಾರಿಗಳು,
'ಮನೆಯೂ ಬರಲಿ' ಕುಟುಂಬ ಸಹಭಾಗಿತ್ವ ಯೋಜನೆ,
ತಮ್ಮ ಕಚೇರಿಗೆ, ಅಥವಾ ಈ ಹೊತ್ತಿಗೆ ತಾವು ಯಾವ ಸಭಾಭವನದಲ್ಲಿ ಮಾತನಾಡುತ್ತಿದ್ದೀರೋ ಅಲ್ಲಿಗೆ.

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಿಬ್ಬಂದಿಗೂ, ತಮ್ಮ ಜೀಪಿಗೂ, ಆ ಜೀಪಿನ ಹಿಂದಿನ ಸೀಟಿನಲ್ಲಿ ಸುರುಳಿ ಸುತ್ತಿಕೊಂಡು ಸದಾ ಪ್ರಯಾಣಕ್ಕೆ ಸಿದ್ಧವಾಗಿರುವ ಬ್ಯಾನರಿಗೂ ಕಂಚಿಲಗುಡ್ಡೆಯ ನಾಗರಿಕನೊಬ್ಬನ ಸಾಷ್ಟಾಂಗ ವಂದನೆಗಳು. ಸಾಷ್ಟಾಂಗ ಎಂದದ್ದು ಬರಿಯ ಶಿಷ್ಟಾಚಾರಕ್ಕಲ್ಲ. ತಮ್ಮ ಯೋಜನೆಯ ಕೃಪೆಯಿಂದ ನನ್ನ ಸೊಂಟ ಈಗ ಎಂಥ ಸ್ಥಿತಿಗೆ ಬಂದಿದೆಯೆಂದರೆ, ನಿಂತು ಕೈ ಮುಗಿಯುವುದಕ್ಕಿಂತ ನೆಲಕ್ಕೆ ಬಿದ್ದು ನಮಸ್ಕರಿಸುವುದೇ ನನಗೆ ಹಗುರ.

ನನ್ನ ಪರಿಚಯ ತಮಗೆ ಇರಲಾರದು. ನಾನು ಕುಂಞ, ಹೊಸಂಗಡಿಯಿಂದ ಒಳನಾಡಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರನಾಗಿದ್ದು, ಮೊಣಕಾಲ ಗಂಟು ಒಪ್ಪದ ಮೇಲೆ ಬಾಗಿಲು ಬಿಟ್ಟು ಇಳಿದವನು. ಮಗ ಪ್ರವೀತ್ ಶಾರ್ಜಾದಲ್ಲಿ ಕ್ರೇನ್ ಓಡಿಸುತ್ತಾನೆ. ಸೊಸೆ ನಿಶ್ಮಿತಾ ಮಂಜೇಶ್ವರದಲ್ಲಿ ರೈಲು ಹತ್ತಿ ಮಂಗಳೂರಿನ ಔಷಧಿ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಹೀಗಾಗಿ ಅವರ ಮಗಳು ಅಮೂಲ್ಯಾಳನ್ನು ಅಂಗನವಾಡಿಗೆ ಬಿಡುವ ಗೌರವಾನ್ವಿತ ಹುದ್ದೆ ನನ್ನ ಪಾಲಿಗೆ ಬಂದಿತು. ಆ ಹುದ್ದೆಯನ್ನು ನಾನು ಬಹಳ ಅಚ್ಚುಕಟ್ಟಾಗಿ ನಿರ್ವಹಿಸುತ್ತಿದ್ದೆ. ಗೇಟಿನವರೆಗೆ ಕೈ ಹಿಡಿಯುವುದು, ಗೇಟಿನಲ್ಲಿ ಕೈ ಬಿಡುವುದು, ಅಲ್ಲಿಂದ ಸೀದಾ ಹೋಟೆಲಿಗೆ ಹೋಗಿ ಒಂದು ಚಾ, ಒಂದು ಪ್ಲೇಟು ಗೋಳಿಬಜೆ ಮತ್ತು ಪತ್ರಿಕೆಯ ಎಲ್ಲ ಪುಟಗಳನ್ನು ಮುಗಿಸುವುದು. ಕುಟುಂಬಕ್ಕೂ ಅಂಗನವಾಡಿಗೂ ನಡುವೆ ಇರಬೇಕಾದ ಸಂಬಂಧ ಒಂದು ಗೇಟು ಎಂದೇ ನಾನು ತಿಳಿದಿದ್ದೆ. ಆ ಗೇಟಿಗೆ ಬಣ್ಣವೂ ಹೊಡೆದಿತ್ತು.

ಅಂಥ ಸುಖದ ದಿನಗಳಲ್ಲಿ, ಆಟಿ ತಿಂಗಳ ಒಂದು ಮಳೆ ಬಿಟ್ಟ ಬೆಳಗ್ಗೆ, ತಾವು ನಮ್ಮ ಊರಿಗೆ ಚಿತ್ತೈಸಿ ಯೋಜನೆಯನ್ನು ಉದ್ಘಾಟಿಸಿದಿರಿ. ಎಂಥ ಭಾಷಣ ಅದು! ಮಕ್ಕಳು ಗಲಾಟೆ ಮಾಡುತ್ತಾರೆಂದು ಅವರನ್ನು ಹೊರಗೆ ಕಳಿಸಿ, ಮಕ್ಕಳ ಬೆಳವಣಿಗೆಯಲ್ಲಿ ಕುಟುಂಬದ ಪಾತ್ರದ ಬಗ್ಗೆ ತಾವು ಊಟದ ಹೊತ್ತಿನವರೆಗೂ ಮಾತನಾಡಿದಿರಿ. "ಮನೆಗೂ ಅಂಗನವಾಡಿಗೂ ನಡುವೆ ನಾವೊಂದು ಸೇತುವೆ ಕಟ್ಟಬೇಕು" ಎಂದು ತಾವು ಕೈಯೆತ್ತಿ ಸಾರಿದಾಗ, ಅದುವರೆಗೆ ತೂಕಡಿಸುತ್ತಿದ್ದ ನನ್ನ ಹೆಂಡತಿ ಪ್ರೇಮಾವತಿ ಧಿಗ್ಗನೆ ಎದ್ದು ಕುಳಿತು, "ಯಾವಾಗ ಕಟ್ತಾರಂತೆ? ತೋಡಿಗೆ ಒಂದು ಸಂಕ ಆದ್ರೆ ಮಕ್ಕಳಿಗೆ ಭಾರಿ ಉಪಕಾರ ಆಗ್ತಿತ್ತು" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಅದು ಆ ಸೇತುವೆಯಲ್ಲ, ಮನಸ್ಸಿನ ಸೇತುವೆ ಎಂದು ನಾನು ವಿವರಿಸಿದ ಮೇಲೆ ಅವಳು ಪುನಃ ನಿದ್ದೆಗೆ ಮರಳಿದಳು.

ಭಾಷಣದ ಕೊನೆಯಲ್ಲಿ ತಾವು ಹೊರಡಿಸಿದ ಅಪ್ಪಣೆ ಏನೆಂದರೆ, ಇನ್ನು ಮುಂದೆ ಪ್ರತಿ ಮಗುವಿನ ಮನೆಯಿಂದ ಒಬ್ಬರು ಸರದಿಯಂತೆ ಅಂಗನವಾಡಿಯ ಒಳಗೆ ಬಂದು ಮಕ್ಕಳೊಂದಿಗೆ ಬೆಳಗ್ಗಿನ ಹೊತ್ತು ಕಳೆಯಬೇಕು. ತಾವು ಜೀಪು ಹತ್ತಿದಿರಿ. ಅಪ್ಪಣೆ ಮಾತ್ರ ಊರಿನಲ್ಲಿ ಉಳಿಯಿತು.

ಮಾನ್ಯರೇ, ಈಗ ನಾನು ನಗೆಯನ್ನು ಸ್ವಲ್ಪ ಬದಿಗಿಟ್ಟು ಒಂದು ವಿಷಯ ಅರಿಕೆ ಮಾಡಬೇಕಾಗಿದೆ. ನಮ್ಮ ಅಮೂಲ್ಯಾ ಮನೆಯಲ್ಲಿ ಎಷ್ಟು ಮಾತನಾಡುತ್ತಿದ್ದಳೋ ಅಂಗನವಾಡಿಯಲ್ಲಿ ಅಷ್ಟೇ ಮೌನ. ಜೂನಿನಲ್ಲಿ ಸೇರಿದವಳು ಓಣಂ ಕಳೆದರೂ ಅಲ್ಲಿ ಒಂದು ಶಬ್ದ ಆಡಿರಲಿಲ್ಲ. ಹೆಸರು ಕೂಗಿದರೆ ತಲೆ ತಗ್ಗಿಸುವಳು, ನೀರು ಬೇಕಾದರೆ ಲೋಟ ನೋಡುವಳು. ಅವಳ ಪಕ್ಕದಲ್ಲಿ ಕೂರುವ ಸುಜನ್ ಎಂಬ ಹುಡುಗ ಯಾರು ಏನು ಕೇಳಿದರೂ, "ಅವಳಿಗೆ ಮಾತು ಬರುದಿಲ್ಲ" ಎಂದು ತಾನೇ ಉತ್ತರ ಕೊಟ್ಟುಬಿಡುತ್ತಿದ್ದ. ಅಲ್ಲಿನ ಪ್ರಸೀತಾ ಟೀಚರ್ ಚೆರುವತ್ತೂರಿನಿಂದ ಮದುವೆಯಾಗಿ ನಮ್ಮ ಕಡೆಗೆ ಬಂದವರು. ಅವರ ಕನ್ನಡ ಮಲಯಾಳದ ಅಂಗಿ ತೊಟ್ಟುಕೊಂಡು ಹೊರಬರುತ್ತದೆ. ನಮ್ಮ ಮನೆಯ ತುಳು ಅವರಿಗೆ ಆಗ ಚೂರೂ ತಿಳಿಯುತ್ತಿರಲಿಲ್ಲ. ಕೊನೆಗೆ ಅವರೇ ಹೆದರಿ, ಮಗುವಿನ ಕಿವಿ, ನಾಲಗೆ ಎರಡನ್ನೂ ಆಸ್ಪತ್ರೆಯಲ್ಲಿ ತೋರಿಸುವುದು ಒಳ್ಳೆಯದೆಂದು ನಿಶ್ಮಿತಾಳಿಗೆ ಫೋನಿನಲ್ಲಿ ಹೇಳಿದರು. ನಿಶ್ಮಿತಾ ಆ ದಿನ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಳುತ್ತಲೇ ಬಂದಳಂತೆ.

ಮರುದಿನ ಪ್ರೇಮಾವತಿ ನನ್ನ ಹುದ್ದೆಯನ್ನು ಕಸಿದುಕೊಂಡು ತಾನೇ ಗೇಟಿಗೆ ಹೋದಳು. ನಾನು ಹಿಂದಿನಿಂದ ಓಡಿದೆ.

"ನಮ್ಮ ಮಗು ಮನೆಯಲ್ಲಿ ರೇಡಿಯೋ! ನಿಮ್ಮಲ್ಲಿಗೆ ಬಂದ ಕೂಡ್ಲೇ ಮೂಗಿ ಆಗ್ಲಿಕ್ಕೆ ನೀವು ಎಂತ ಮಾಡಿದ್ದೀರಿ ಟೀಚರ್?" ಎಂದು ಅವಳು ಗುಡ್ಡೆಗೆಲ್ಲ ಕೇಳುವಂತೆ ಕೇಳಿದಳು.

ಟೀಚರ್ ಜಗಳಕ್ಕೆ ಬರಲಿಲ್ಲ. ಅವರ ಮುಖ ಸಣ್ಣದಾಯಿತು. "ಅಮ್ಮಾ, ನಾನು ಅವಳ ಸ್ವರ ಒಂದ್ಸಲವೂ ಕೇಳ್ಲಿಲ್ಲ. ಹೇಗೆ ಉಂಟು ಅವಳ ಸ್ವರ?" ಎಂದರು.

ಆ ಪ್ರಶ್ನೆಗೆ ಪ್ರೇಮಾವತಿಯಲ್ಲಿ ಬೈಗುಳ ಇರಲಿಲ್ಲ. ಕೊನೆಗೆ ಅವಳು ನನ್ನನ್ನು ಮುಂದಕ್ಕೆ ದೂಡಿ, "ನಾಳೆಯಿಂದ ಇವರನ್ನು ಒಳಗೆ ಕೂರಿಸಿ. ಅಜ್ಜ ಇದ್ರೆ ಮಾತಾಡಿದ್ರೂ ಮಾತಾಡಿಯಾಳು" ಎಂದಳು. ನನ್ನ ಚಾ, ನನ್ನ ಗೋಳಿಬಜೆ, ನನ್ನ ಪತ್ರಿಕೆ ಎಲ್ಲವೂ ಆ ಒಂದು ವಾಕ್ಯದಲ್ಲಿ ಮುಳುಗಿದವು. ನನ್ನ ದೂರಿನ ಮೊದಲ ಭಾಗ ಇದು.

ಎರಡನೆಯ ಭಾಗ ಕುರ್ಚಿಗೆ ಸಂಬಂಧಿಸಿದ್ದು. ಕುಟುಂಬವನ್ನು ಒಳಗೆ ಕರೆದ ತಾವು ಕುಟುಂಬ ಎಲ್ಲಿ ಕೂರಬೇಕೆಂದು ಯೋಚಿಸಲು ಮರೆತಿದ್ದೀರಿ. ಅಲ್ಲಿರುವುದು ಕೆಂಪು ಬಣ್ಣದ ಮೊಣಕಾಲೆತ್ತರದ ಕುರ್ಚಿಗಳು. ಮೊದಲ ದಿನ ನಾನು ಒಂದರಲ್ಲಿ ಶ್ರದ್ಧೆಯಿಂದ ಕುಳಿತೆ. ಪ್ರಾರ್ಥನೆಗೆ ಎಲ್ಲರೂ ಎದ್ದಾಗ ನಾನೂ ಎದ್ದೆ, ಕುರ್ಚಿಯೂ ನನ್ನೊಂದಿಗೆ ಎದ್ದಿತು. ಟೀಚರ್ ಒಂದು ಕಡೆಯಿಂದ, ಸುಜನ್ ಇನ್ನೊಂದು ಕಡೆಯಿಂದ ಎಳೆದು ಬಿಡಿಸುವವರೆಗೆ ಪ್ರಾರ್ಥನೆ ನಿಂತಿತ್ತು. ಮಕ್ಕಳು ನೆಲಕ್ಕೆ ಬಿದ್ದು ನಕ್ಕರು. ಅಮೂಲ್ಯಾ ಕೂಡ ನಕ್ಕಳು, ಆದರೆ ಶಬ್ದ ಬಾರದಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು.

ನನ್ನ ಸರದಿಯ ಮುಂದಿನ ಬೆಳಗ್ಗೆ ಟೀಚರ್ ನನ್ನನ್ನು ಮಕ್ಕಳ ಎದುರು ನಿಲ್ಲಿಸಿದರು.

"ಕುಂಞೇಟ್ಟಾ, ಇವತ್ತು ನೀವು ಒಂದು ಕಥೆ ಹೇಳ್ಬೇಕು."

"ನನಗೆ ಕಥೆ ಬರುದಿಲ್ಲ ಟೀಚರ್."

"ಹಾಗಾದ್ರೆ ಒಂದು ಹಾಡು?"

"ನಾನು ಹಾಡಿದ್ರೆ ಮಕ್ಕಳು ನಾಳೆಯಿಂದ ಬರ್ಲಿಕ್ಕಿಲ್ಲ."

"ಸರಿ, ಕಥೆಯೂ ಬೇಡ, ಹಾಡೂ ಬೇಡ. ನಿಮಗೆ ಬರುದು ಎಂತ?"

ನಾನು ಯೋಚಿಸಿದೆ. ಪ್ರಾಮಾಣಿಕವಾಗಿ ನೋಡಿದರೆ ನನಗೆ ಬರುವುದು ಒಂದೇ. "ಬಸ್ಸು" ಎಂದೆ.

ಟೀಚರ್ ನಗುತ್ತಾರೆಂದುಕೊಂಡೆ. ಅವರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಗಳನ್ನು ಎರಡು ಸಾಲಾಗಿ ಜೋಡಿಸತೊಡಗಿದರು. ಸುಜನ್ ಊಟದ ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು ಮುಂದೆ ಕುಳಿತ. ಅಮೂಲ್ಯಾ ಕಿಟಕಿ ಬದಿಯ ಕುರ್ಚಿಯಲ್ಲಿ ಎಂದಿನಂತೆ ತುಟಿ ಬಿಗಿದು ಕುಳಿತಳು. ನಾನು ಬಾಗಿಲಲ್ಲಿ ನಿಂತು, ನನಗೇ ಗೊತ್ತಿಲ್ಲದ ಹಾಗೆ ಹಳೆಯ ಸ್ವರ ತೆಗೆದೆ. "ಮಜೀರ್ಪಳ್ಳ, ಆನೆಕಲ್ಲು! ಬೇಗ ಬೇಗ ಬೇಗ! ಮುಂದೆ ಹೋಗಿ ಮಾರಾಯ್ರೆ, ಒಳಗೆ ಫುಟ್‌ಬಾಲ್ ಆಡುವಷ್ಟು ಜಾಗ ಉಂಟು!" ಮಕ್ಕಳು ಕಿರುಚುತ್ತ ಹತ್ತಿದರು. ಆ ದಿನ ಅಡುಗೆಯ ಆಯಾ ರಜೆಯಾದ್ದರಿಂದ ಒಲೆಯ ಮೇಲೆ ಸಜ್ಜಿಗೆ ಇಟ್ಟಿದ್ದ ಟೀಚರ್, "ಒಂದು ನಿಮಿಷ ಬಂದೆ" ಎಂದು ಅಡುಗೆಕೋಣೆಗೆ ಓಡಿದರು. ನಾನು ಕುರ್ಚಿಗೆ ಎರಡು ಸಲ ತಟ್ಟಿ, "ರೈಟ್ ಪೋಯಿ!" ಎಂದೆ. ಸುಜನ್ ಬಾಯಲ್ಲೇ ಶಬ್ದ ಮಾಡಿ ಗೇರ್ ಹಾಕಿದ. ಬಸ್ಸು ಹೊರಟಿತು.

ಆಗ ಟೀಚರ್ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಬಸ್ಸು ಹೋಗುತ್ತಿದೆ, ಅವರು ನಿಂತೇ ಇದ್ದಾರೆ.

"ಹೋಲ್ಡಾನ್!"

ಸ್ವರ ಕಿಟಕಿ ಬದಿಯಿಂದ ಬಂದಿತ್ತು. ಅಮೂಲ್ಯಾ ಕುರ್ಚಿಯ ಮೇಲೆ ಎದ್ದು ನಿಂತಿದ್ದಳು. ಸುಜನ್ ಮೈಯೆಲ್ಲ ಹಿಂದಕ್ಕೆ ಬಾಗಿಸಿ ಬ್ರೇಕ್ ಒತ್ತಿದ. ಅವಳು ನನ್ನನ್ನು ದುರುಗುಟ್ಟಿ ನೋಡಿ, ಕಂಡಕ್ಟರನ ಕಸುಬು ತಿಳಿಯದವನಿಗೆ ಹೇಳುವಂತೆ, "ಟೀಚರ್ ಬೈದಿಜೆರ್!" ಎಂದಳು. ಟೀಚರ್ ಬಂದಿಲ್ಲ ಎಂದು ಅದರ ಅರ್ಥ. ತುಳು ಬಾರದ ಪ್ರಸೀತಾ ಟೀಚರಿಗೂ ಅದು ಆ ದಿನ ಅರ್ಥವಾಯಿತು.

ಅವರು ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತರು. ಸೌಟು ಮಡಿಲಲ್ಲಿತ್ತು. ಕಣ್ಣು ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ. ಸುಜನ್ ಮಾತ್ರ ಸ್ಟೇರಿಂಗ್ ಬಿಟ್ಟು ತಿರುಗಿ, "ಇವಳಿಗೆ ಮಾತು ಬರ್ತದೆ!" ಎಂದು, ತಾನೇ ಕಲಿಸಿದವನಂತೆ, ಎಲ್ಲರಿಗೂ ಸಾರಿದ. ಏನಾದರೂ ಹೇಳದಿದ್ದರೆ ನಾನೂ ಅತ್ತುಬಿಡುವೆನೆಂದು ಹೆದರಿ, "ಟಿಕೆಟ್, ಟಿಕೆಟ್, ಟೀಚರ್ ಎಲ್ಲಿಗೆ?" ಎಂದೆ.

"ಅಮೂಲ್ಯಾ ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ ಒಂದು" ಎಂದರು ಟೀಚರ್.

ಸಜ್ಜಿಗೆ ತಳ ಹಿಡಿಯಿತು. ಮಕ್ಕಳು ಅದನ್ನೂ ತಿಂದರು.

ಮಾನ್ಯರೇ, ಅನಾಹುತ ಶುರುವಾದದ್ದು ಆ ಗಳಿಗೆಯಿಂದ. ಕಟ್ಟೆ ಒಡೆದ ಹಾಗೆ ಆ ಮಗು ಮಾತನಾಡತೊಡಗಿತು, ಇಂದಿನವರೆಗೆ ನಿಲ್ಲಿಸಿಲ್ಲ. ತುಳುವಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಂದುವರಿಸಿ ಮಲಯಾಳದಲ್ಲಿ ಮುಗಿಸುವ ಅವಳ ವಾಕ್ಯಗಳನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ನಮ್ಮ ಮೂವರ ಕಿವಿ ಸಾಲದು. ಟೀಚರ್ ತುಳು ಕಲಿಯಲು ಹಟ ಹಿಡಿದು, ಗೇಟಿನಲ್ಲಿ ಜಗಳ ಮಾಡಿದ್ದ ಪ್ರೇಮಾವತಿಯನ್ನೇ ಗುರುವಾಗಿ ಸ್ವೀಕರಿಸಿದ್ದಾರೆ. ಪ್ರೇಮಾವತಿಯಾದರೋ ಗುರುಸ್ಥಾನದ ಅಮಲು ಏರಿ ತನ್ನ ಸರದಿ ಇಲ್ಲದ ದಿನವೂ ಅಲ್ಲೇ ಇರುತ್ತಾಳೆ. ಮಧ್ಯಾಹ್ನ ಮನೆಗೆ ಹೋದರೆ ನನಗೆ ಬೀಗ ಸಿಗುತ್ತದೆ, ಊಟ ಸಿಗುವುದಿಲ್ಲ. ನೆರೆಮನೆಯ ಬೀಪಾತುಮ್ಮ ಒಂದು ದಿನ ಅಕ್ಕಿಹಿಟ್ಟು ತಂದು ಮಕ್ಕಳಿಗೆ ಪುಂಡಿ ಉಂಡೆ ಕಟ್ಟಲು ಕಲಿಸಿ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಉಂಡೆಯಾಗದ ಪದಾರ್ಥವೇ ಇಲ್ಲ. ಮೊನ್ನೆ ನನ್ನ ಮಾತ್ರೆಯ ಪುಡಿಯೂ ಅನ್ನದೊಳಗೆ ಉಂಡೆಯಾಗಿ ಬಂದಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪನೂ ಸರದಿಗೆ ಬರಬೇಕೆಂದು ಅಮೂಲ್ಯಾ ಹಟ ಹಿಡಿದಾಗ ಟೀಚರ್ ಶಾರ್ಜಾಕ್ಕೆ ವೀಡಿಯೋ ಕರೆ ಮಾಡಿ, ಫೋನನ್ನು ಒಂದು ಕುರ್ಚಿಯ ಮೇಲೆ ಒರಗಿಸಿ ಇಟ್ಟರು. ಪ್ರವೀತ್ ಕ್ರೇನಿನ ಮೇಲಿನಿಂದ ಮಕ್ಕಳಿಗೆ ಊರನ್ನು ತೋರಿಸಿದ, ದೊಡ್ಡ ಕೊಕ್ಕೆ ತೋರಿಸಿದ, ಟೊಪ್ಪಿ ತೆಗೆದು ಬೋಳು ತಲೆ ತೋರಿಸಿದ. ನಗು ನಿಂತ ಮೇಲೆ ಮಗಳು, "ಅಪ್ಪಾ, ಇದು ನಮ್ಮ ಟೀಚರ್" ಎಂದು ಜೋರಾಗಿ ಪರಿಚಯ ಮಾಡಿಸಿದಳು. ಅಂಗನವಾಡಿಯ ಒಳಗಿನಿಂದ ಮಗಳ ಸ್ವರ ಕೇಳಿದ ಅವನು ಟೊಪ್ಪಿಯನ್ನು ಮುಖಕ್ಕೆ ಅಡ್ಡ ಹಿಡಿದ. ಬಿಸಿಲು ಜೋರು ಉಂಟು ಎಂದ. ನಾವೂ ಹೌದೆಂದೆವು.

ಈ ಸುದ್ದಿ ಹೇಗೋ ತಮ್ಮ ಕಿವಿಗೆ ಬಿದ್ದು, ತಾವು ಫೋಟೋಗ್ರಾಫರನೊಂದಿಗೆ ಎರಡನೆಯ ಬಾರಿ ಬಿಜಯಂಗೈದಿರಿ. ಆಟವನ್ನು ಇನ್ನೊಮ್ಮೆ ಆಡಿಸಿ, ಬೆಳಕು ಈ ಕಡೆಯಿಂದ ಬರಲಿ, ಅಜ್ಜ ಸ್ವಲ್ಪ ಬದಿಗೆ ನಿಲ್ಲಲಿ ಎಂದೆಲ್ಲ ಸಲಹೆ ಕೊಟ್ಟಿರಿ. ಅಜ್ಜನಿಲ್ಲದ ಕುಟುಂಬ ಸಹಭಾಗಿತ್ವದ ಫೋಟೋ ಬಹಳ ಚೆನ್ನಾಗಿ ಬಂದಿದೆಯೆಂದು ಕೇಳಿ ಸಂತೋಷಪಟ್ಟೆ. ಹೊರಡುವಾಗ ಟೀಚರನ್ನು ಬಾಯ್ತುಂಬ ಹೊಗಳಿ, ವಾರದೊಳಗೆ ಆ ಹೊಗಳಿಕೆಯನ್ನೇ ಒಂದು ಆದೇಶವಾಗಿ ಕಳಿಸಿದಿರಿ. ಪ್ರಸೀತಾ ಟೀಚರ್ ಮಾದರಿ ಕಾರ್ಯಕರ್ತೆಯಾದ್ದರಿಂದ ಅವರು ಕಂಚಿಲಗುಡ್ಡೆಯನ್ನು ಬಿಟ್ಟು, ಮನೆಯವರೊಂದಿಗೆ ಬೆರೆಯುವುದು ಹೇಗೆಂದು ಜಿಲ್ಲೆಯ ಆ ತುದಿಯಲ್ಲಿ ಇಡೀ ವರ್ಷ ತರಬೇತಿ ಕೊಡಬೇಕಂತೆ! ಎಂಥ ದೂರದೃಷ್ಟಿ! ಮರ ಚೆನ್ನಾಗಿ ಬೇರು ಬಿಟ್ಟಿದೆಯೆಂದು ಗೊತ್ತಾದ ಕೂಡಲೇ ಅದನ್ನು ಕಿತ್ತು, ಬೇರು ಹೇಗಿರುತ್ತದೆಂದು ಊರೂರಿಗೆ ತೋರಿಸಿಕೊಂಡು ಬರುವ ಯೋಚನೆ ತಮ್ಮ ಹೊರತು ಇನ್ಯಾರಿಗೆ ಹೊಳೆದೀತು?

ಟೀಚರ್ ಮಕ್ಕಳ ಮನೆಯವರನ್ನೆಲ್ಲ ಕರೆದು ವಿಷಯ ಹೇಳಿದರು. "ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ಆದ್ರೆ ನಾನು ಎದುರು ಮಾತಾಡಿದ್ರೆ ಕೆಲಸಕ್ಕೆ ತೊಂದರೆ" ಎಂದರು.

"ನೀವು ಮಾತಾಡ್ಬೇಡಿ ಟೀಚರ್" ಎಂದಳು ಪ್ರೇಮಾವತಿ. "ನಾವು ಭಾಗವಹಿಸುವಾ."

ಕಳೆದ ಸೋಮವಾರ ನಿಶ್ಮಿತಾ ರಜೆ ಹಾಕಿದಳು. ಬೀಪಾತುಮ್ಮ ಪುಂಡಿಯ ಡಬ್ಬಿ ಹಿಡಿದರು. ಅಜ್ಜ ಅಜ್ಜಿಯರು, ಅಪ್ಪ ಅಮ್ಮಂದಿರು, ಮಕ್ಕಳು ಎಲ್ಲರೂ ಸೇರಿ ತಮ್ಮ ಕಚೇರಿಗೆ ಬಂದೆವು. ತಾವು ಕುಟುಂಬಗಳನ್ನು ಒಳಗೊಳ್ಳುವ ವಿಚಾರ ಸಂಕಿರಣಕ್ಕೆ ಹೋಗಿದ್ದುದರಿಂದ ನಮ್ಮನ್ನು ಒಳಗೊಳ್ಳುವ ಭಾಗ್ಯ ತಮ್ಮ ಗುಮಾಸ್ತರಾದ ವಿಜೇತ್ ಅವರ ಪಾಲಿಗೆ ಬಂದಿತು. ನಾವು ಕೂಗಲಿಲ್ಲ, ಧಿಕ್ಕಾರ ಹಾಕಲಿಲ್ಲ. ತಮ್ಮ ಭಾಷಣದಲ್ಲಿ ತಿಳಿಸಿದ ಪ್ರಕಾರ ಮಕ್ಕಳೊಂದಿಗೆ ಗುಣಮಟ್ಟದ ಸಮಯ ಕಳೆದೆವು, ಅಷ್ಟೆ. ಸುಜನ್ ತಮ್ಮ ತಿರುಗುವ ಕುರ್ಚಿಯಲ್ಲಿ ತಲೆ ತಿರುಗುವವರೆಗೆ ತಿರುಗಿದ. ಒಂದು ಮಗುವಿಗೆ ಶೌಚಕ್ಕೆ ಅವಸರವಾಗಿ ವಿಜೇತ್ ಅವರೇ ಎತ್ತಿಕೊಂಡು ಓಡಬೇಕಾಯಿತು. ಇನ್ನೊಂದು ಅವರ ಮಡಿಲಲ್ಲೇ ನಿದ್ದೆ ಹೋಯಿತು. ಅಮೂಲ್ಯಾ ಅವರ ಮೇಜಿನ ಎದುರು ಗಲ್ಲಕ್ಕೆ ಕೈಕೊಟ್ಟು ಕುಳಿತು, "ಟೀಚರನ್ನು ಯಾಕೆ ಕಳಿಸುದು? ಅವರು ಎಂತ ತಪ್ಪು ಮಾಡಿದ್ದಾರೆ? ಅಲ್ಲಿ ಅವರಿಗೆ ಯಾರು ಗೊತ್ತುಂಟು?" ಎಂದು ಬಿಡದೆ ಕೇಳಿದಳು. ಜೂನಿನಿಂದ ಕೂಡಿಟ್ಟ ಪ್ರಶ್ನೆಗಳೆಲ್ಲ ಆ ಬಡಪಾಯಿಯ ಮೇಲೆ ಸುರಿದವು.

ಕೊನೆಗೆ ವಿಜೇತ್ ನಿದ್ದೆಯ ಮಗುವನ್ನು ಹೆಗಲಿಗೆ ಹಾಕಿಕೊಂಡು ತಮಗೆ ಫೋನ್ ಮಾಡಿದ್ದು ತಮಗೇ ಗೊತ್ತಿದೆ. ಇತ್ತ ಕಡೆಯಿಂದ ನಮಗೆ ಕೇಳಿಸಿದ್ದು ಇಷ್ಟು. "ಸಾರ್, ಕುಟುಂಬದವರು ಭಾಗವಹಿಸ್ತಾ ಇದ್ದಾರೆ... ಇಲ್ಲ ಸಾರ್, ಸಂಕಿರಣದಲ್ಲಿ ಅಲ್ಲ, ಆಫೀಸಿನಲ್ಲಿ... ಎಲ್ಲರೂ ಸಾರ್... ನಾಳೆಯೂ ಬರ್ತಾರಂತೆ ಸಾರ್, ಸರದಿ ಹಾಕಿದ್ದಾರಂತೆ." ಆಮೇಲೆ ಅವರ ಮುಖ ಅರಳಿತು. ಆದೇಶ ಸದ್ಯಕ್ಕೆ ನಿಂತಿದೆ, ಕಲಿಯಬೇಕಾದವರೇ ಕಂಚಿಲಗುಡ್ಡೆಗೆ ಬರಲಿ ಎಂದು ತಾವು ಅಪ್ಪಣೆ ಕೊಟ್ಟಿರೆಂದರು. ಬೀಪಾತುಮ್ಮ ಡಬ್ಬಿ ತೆರೆದು ಮೊದಲ ಪುಂಡಿಯನ್ನು ಅವರ ಬಾಯಿಗೇ ಇಟ್ಟರು.

ಅಂಗನವಾಡಿಯ ಗೇಟಿನಲ್ಲಿ ಕಾದಿದ್ದ ಟೀಚರಿಗೆ ಸುದ್ದಿ ಹೇಳಿದವಳು ಪ್ರೇಮಾವತಿ. ತುಳುವಿನಲ್ಲೇ ಹೇಳಿದಳು. ಟೀಚರ್ ತುಳುವಿನಲ್ಲೇ ಉತ್ತರಿಸಿದರು. ವ್ಯಾಕರಣ ಎಲ್ಲೆಲ್ಲೋ ಹೋಗಿತ್ತು, ಪ್ರೇಮಾವತಿ ತಿದ್ದಲಿಲ್ಲ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಗುಡ್ಡೆ ಇಳಿಯುವವರೆಗೆ ನಗುತ್ತಲೇ ಇದ್ದರು.

ಆದುದರಿಂದ ಮಾನ್ಯರಲ್ಲಿ ನನ್ನ ನಮ್ರ ಬೇಡಿಕೆಗಳೇನೆಂದರೆ, 'ಸದ್ಯಕ್ಕೆ' ಎಂಬ ಪದವನ್ನು ತಮ್ಮ ಕಚೇರಿಯ ಭಾಷೆಯಿಂದಲೇ ತೆಗೆದುಹಾಕಬೇಕು. ನನ್ನ ಹೆಂಡತಿಯನ್ನು ಅಧಿಕೃತವಾಗಿ ನೇಮಿಸಿಕೊಂಡರೆ ಅವಳಿಗೆ ಭಾನುವಾರವಾದರೂ ರಜೆ ಸಿಕ್ಕಿ ನನಗೆ ಒಂದು ಊಟ ಸಿಗಬಹುದು. ಕುರ್ಚಿಗಳನ್ನು ಎತ್ತರ ಮಾಡುವುದು ಅಸಾಧ್ಯವೆಂದಾದರೆ ಅಜ್ಜಂದಿರನ್ನು ಗಿಡ್ಡ ಮಾಡುವ ಯೋಜನೆಯೊಂದನ್ನು ಪರಿಶೀಲಿಸಬೇಕು. ಮೊಮ್ಮಗಳ ಮಾತನ್ನು ಪತ್ರಿಕೆ ಓದುವ ಹೊತ್ತಿಗೆ ಮಾತ್ರ ತಗ್ಗಿಸುವ ಒಂದು ತಿರುಗಣೆಯನ್ನು ಒದಗಿಸಬೇಕು. ಒದಗಿಸಿದರೂ ನಾನದನ್ನು ಮುಟ್ಟಲಾರೆ, ಆದರೆ ಮನೆಯಲ್ಲಿ ಒಂದು ಇರಲಿ.

ತಮ್ಮ ಮೇಲಿನ ವಿಶ್ವಾಸವನ್ನು ಇನ್ನೂ ಪೂರ್ತಿಯಾಗಿ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಕುಂಞ
ಕಂಚಿಲಗುಡ್ಡೆ

ತಾ.ಕ.: ಈ ಪತ್ರ ಮಡಚುವಷ್ಟರಲ್ಲಿ ಒಬ್ಬರು ಹಿರಿಯ ಹೆಂಗಸು ಮೊಮ್ಮಗನನ್ನು ಕರೆದುಕೊಂಡು ಬಂದು ನಮ್ಮ ಅಂಗನವಾಡಿಗೆ ಸೇರಿಸಿದರು. ವಿಚಾರಿಸಿದರೆ ಅವರು ಸಾಕ್ಷಾತ್ ಸಂಯೋಜನಾಧಿಕಾರಿಗಳಾದ ತಮ್ಮ ತಾಯಿ, ಹುಡುಗ ತಮ್ಮದೇ ಮಗ. ಅಪ್ಪ ಯಾವತ್ತು ಬರುತ್ತಾರೆಂದು ಟೀಚರ್ ಕೇಳಿದ್ದಕ್ಕೆ, "ಅವನಿಗೆಲ್ಲಿ ಪುರುಸೊತ್ತು? ಮಕ್ಕಳ ಜೊತೆ ಇರ್ಬೇಕು ಅಂತ ಊರಿಡೀ ಹೇಳಿಕೊಂಡು ಬರ್ಲಿಕ್ಕುಂಟಲ್ಲ" ಎಂದರು ತಾಯಿಯವರು. ತಮ್ಮ ಸರದಿ ಬರುವ ಬುಧವಾರ. "ನನ್ನ ಅಪ್ಪನಿಗೆ ಆನೆಯಾಗಲಿಕ್ಕೆ ಬರುತ್ತದೆ, ಬೆನ್ನ ಮೇಲೆ ಕೂರಿಸುತ್ತಾರೆ" ಎಂದು ಹುಡುಗ ಎಲ್ಲ ಮಕ್ಕಳಿಗೂ ಹೇಳುತ್ತಿದ್ದಾನೆ. ನಮ್ಮಲ್ಲಿ ದೊಡ್ಡವರು ಯಾರೂ ಅದನ್ನು ನಂಬಿಲ್ಲ. ಮಕ್ಕಳು ಮಾತ್ರ ಈಗಲೇ ಸಾಲುಗಟ್ಟಿ ನಿಂತಿದ್ದಾರೆ.